ಮನೆಯಲ್ಲೇ ಬೀಜಪಟ್ಟಿ: ಸಣ್ಣ ಬೀಜಗಳ ಬಿತ್ತನೆಗೆ ಒಂದು ಉಪಾಯ

ಕೈತೋಟದಲ್ಲಿ ಮೊದಲ ಬಾರಿಗೆ ಕ್ಯಾರೆಟ್ ಬಿತ್ತಿದವರಲ್ಲಿ ಹಲವರ ಅನುಭವ ಒಂದೇ ಬಗೆಯದು. ಚಿಟಿಕೆಯಲ್ಲಿ ಹಿಡಿದು ಉದುರಿಸಿದ ಬೀಜ ಒಂದು ಕಡೆ ಗುಂಪುಗುಂಪಾಗಿ ಮೊಳೆಯುತ್ತದೆ. ಮತ್ತೊಂದು ಕಡೆ ಗೇಣುದ್ದದ ಜಾಗ ಬರಿದಾಗಿಯೇ ಉಳಿಯುತ್ತದೆ. ಮೂರು ತಿಂಗಳ ಬಳಿಕ ಕಿತ್ತು ನೋಡಿದರೆ ಗುಂಪಿನಲ್ಲಿ ಬೆಳೆದ ಗಡ್ಡೆಗಳು ಬೆರಳಿಗಿಂತ ಸಣ್ಣದಾಗಿ, ಒಂದನ್ನೊಂದು ಹೆಣೆದುಕೊಂಡಿರುತ್ತವೆ. ಮಣ್ಣು, ಗೊಬ್ಬರ, ನೀರು ಎಲ್ಲವೂ ಸರಿಯಿದ್ದೂ ಬೆಳೆ ಕೈಗೆ ಹತ್ತದಿರಲು ಇಲ್ಲಿ ಕಾರಣ ಅಂತರದ ಕೊರತೆ.

ಈ ತೊಂದರೆಗೆ ಕಡಿಮೆ ಖರ್ಚಿನ ಪರಿಹಾರವೆಂದರೆ ಬೀಜಪಟ್ಟಿ. ತೆಳುವಾದ ಕಾಗದದ ಪಟ್ಟಿಯ ಮೇಲೆ ಬೆಳೆಗೆ ಬೇಕಾದ ಅಂತರವನ್ನು ಅಳೆದು, ಮೈದಾ ಅಂಟಿನಿಂದ ಬೀಜಗಳನ್ನು ಕೂರಿಸಿ, ಒಣಗಿಸಿ ಇಟ್ಟುಕೊಂಡರೆ ಬೀಜಪಟ್ಟಿ ಸಿದ್ಧ. ಬಿತ್ತನೆಯ ದಿನ ಅದನ್ನು ಸಾಲಿನಲ್ಲಿ ಹಾಸಿ ಮಣ್ಣು ಮುಚ್ಚಬೇಕು. ನೀರು ತಾಗಿದೊಡನೆ ಕಾಗದ ಮೆತ್ತಗಾಗುತ್ತದೆ. ಬೀಜ ಮೊಳೆತು ಬೇರು ಕಾಗದವನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಕಾಗದ ಕ್ರಮೇಣ ಮಣ್ಣಿನಲ್ಲಿ ಕೊಳೆತು ಸೇರಿಹೋಗುತ್ತದೆ. ಅಂಗಳದ ಮಡಿಗೂ ತಾರಸಿಯ ಮೇಲಿನ ಕುಂಡಕ್ಕೂ ಈ ವಿಧಾನ ಸಮಾನವಾಗಿ ಒದಗುತ್ತದೆ. ಬಾಗಿ ಕೂರಲಾಗದ ಹಿರಿಯರು ಬೀಜ ಎಣಿಸುವ ಕೆಲಸವನ್ನು ಮೇಜಿನ ಮುಂದೆ ಕುಳಿತು ನಿಧಾನವಾಗಿ ಮಾಡಿಕೊಳ್ಳಬಹುದೆಂಬುದು ಇದರ ಇನ್ನೊಂದು ಅನುಕೂಲ.

ಕೂರಿಗೆಯ ನಾಡಿನಲ್ಲಿ

ಸಾಲು ಹಿಡಿದು ಬಿತ್ತುವ ಆಲೋಚನೆ ಕರ್ನಾಟಕಕ್ಕೆ ಹೊಸತೇನಲ್ಲ. ಕೂರಿಗೆಯ ಬಟ್ಟಲಿಗೆ ಬಿಟ್ಟ ಕಾಳು ಕೊಳವೆಗಳ ಮೂಲಕ ಇಳಿದು, ಸಮಾನ ದೂರದ ಸಾಲುಗಳಲ್ಲಿ ಮಣ್ಣು ಸೇರುವ ವ್ಯವಸ್ಥೆ ಇಲ್ಲಿ ಬಹಳ ಹಿಂದಿನಿಂದ ಬಂದದ್ದು. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸ ಗ್ರಂಥದಲ್ಲಿ ಕೂರಿಗೆಯನ್ನು ವರ್ಣಿಸಿದ್ದಾನೆ. ರಾಗಿಯಂಥ ಸಣ್ಣ ಕಾಳು ಒಂದೇ ಕಡೆ ಸುರಿಯದಿರಲೆಂದು ಅದಕ್ಕೆ ಮರಳನ್ನೋ ಪುಡಿಗೊಬ್ಬರವನ್ನೋ ಬೆರೆಸಿ ಬಿತ್ತುವ ರೂಢಿಯೂ ಇದೆ.

ಆದರೆ ಕೂರಿಗೆ ನಿಗದಿಪಡಿಸುವುದು ಸಾಲು ಸಾಲುಗಳ ನಡುವಿನ ದೂರವನ್ನು. ಒಂದೇ ಸಾಲಿನೊಳಗೆ ಕಾಳಿನಿಂದ ಕಾಳಿಗೆ ಎಷ್ಟು ಅಂತರ ಬೀಳಬೇಕೆಂಬುದು ಬೀಜ ಬಿಡುವವರ ಕೈಯ ಹದಕ್ಕೆ ಸೇರಿದ್ದು. ಆ ಹದ ಬರಲು ವರ್ಷಗಳೇ ಬೇಕು. ಬೀಜಪಟ್ಟಿ ಈ ಕೆಲಸವನ್ನು ಅಳತೆಪಟ್ಟಿಗೆ ವಹಿಸುತ್ತದೆ. ಜಪಾನಿನಲ್ಲಿ ನೀರಿನಲ್ಲಿ ಕರಗುವ ಪಟ್ಟಿಯೊಳಗೆ ಯಂತ್ರದಿಂದ ಬೀಜ ಸೇರಿಸಿ, ಕ್ಯಾರೆಟ್, ಮೂಲಂಗಿ ಮುಂತಾದ ಬೆಳೆಗಳ ಹೊಲದಲ್ಲಿ ಹಾಸುವ ಪದ್ಧತಿ ವಾಣಿಜ್ಯ ಮಟ್ಟದಲ್ಲೇ ಬಳಕೆಯಲ್ಲಿದೆ. ಮನೆಯಲ್ಲಿ ಮಾಡುವ ಪಟ್ಟಿ ಅದರದೇ ಸರಳ ರೂಪ.

ಯಾವ ಬೆಳೆಗೆ ಉಚಿತ, ಯಾವುದಕ್ಕೆ ವ್ಯರ್ಥ

ಬೀಜಪಟ್ಟಿಯ ಪ್ರಯೋಜನ ಹೆಚ್ಚಾಗಿ ದೊರೆಯುವುದು ಎರಡು ಗುಣಗಳು ಕೂಡಿದ ಬೆಳೆಗಳಲ್ಲಿ: ಬೀಜ ಬಹಳ ಸಣ್ಣದಿರಬೇಕು, ಸಸಿಯನ್ನು ಕಿತ್ತು ನಾಟಿ ಮಾಡಲು ಬರದಂತಿರಬೇಕು. ಉತ್ತರ ಕರ್ನಾಟಕದವರು ಗಜ್ಜರಿ ಎನ್ನುವ ಕ್ಯಾರೆಟ್ ಇದಕ್ಕೆ ತಕ್ಕ ಉದಾಹರಣೆ. ಒಂದು ಗ್ರಾಂ ತೂಕದಲ್ಲಿ ಸುಮಾರು 800 ಬೀಜಗಳಿರುತ್ತವೆ. ತಾಯಿಬೇರೇ ಗಡ್ಡೆಯಾಗುವುದರಿಂದ, ಸಸಿಮಡಿಯಿಂದ ಕಿತ್ತು ನೆಡುವಾಗ ಬೇರಿನ ತುದಿಗೆ ಪೆಟ್ಟಾದರೆ ಗಡ್ಡೆ ಕವಲೊಡೆದು ವಿಕಾರವಾಗುತ್ತದೆ. ಹಾಗಾಗಿ ಬೀಜ ಬಿದ್ದಲ್ಲೇ ಬೆಳೆ ಬರಬೇಕು. ಬೀಳುವ ಜಾಗ ಸರಿಯಿರಬೇಕು.

ಮೂಲಂಗಿಯ ಬೀಜ ಅಷ್ಟು ಸಣ್ಣದಲ್ಲ, ಆದರೂ ನೇರ ಬಿತ್ತನೆಯ ಬೆಳೆಯಾದುದರಿಂದ ಪಟ್ಟಿಗೆ ಒಗ್ಗುತ್ತದೆ. ದಂಟಿನ ಸೊಪ್ಪಿನ ಬೀಜವಂತೂ ಸಾಸಿವೆಗಿಂತ ಸಣ್ಣದು, ಊದಿದರೆ ಹಾರುತ್ತದೆ. ದಪ್ಪ ದಂಟಿಗಾಗಿ ಬೆಳೆಸುವವರು ಗಿಡದಿಂದ ಗಿಡಕ್ಕೆ ಸುಮಾರು ಮುಕ್ಕಾಲು ಅಡಿ ಬಿಡಬೇಕಾದ ಕಾರಣ ಪಟ್ಟಿ ಮಾಡಿಕೊಂಡರೆ ಒಳ್ಳೆಯದು. ಎಳೆಯ ಸೊಪ್ಪನ್ನೇ ಬೇರುಸಹಿತ ಕಿತ್ತು ಬಳಸುವುದಾದರೆ ಎರಚಿ ಬಿತ್ತಿದರೂ ನಡೆಯುತ್ತದೆ. ಈರುಳ್ಳಿ, ಸಬ್ಬಸಿಗೆಗಳಿಗೂ ಪಟ್ಟಿಯನ್ನು ಬಳಸಬಹುದು. ಬೀಟ್‌ರೂಟ್‌ನಲ್ಲಿ ಒಂದು ಸಂಗತಿ ಗಮನಿಸಬೇಕು: ಅಂಗಡಿಯಲ್ಲಿ ಸಿಗುವ ಗಂಟುಗಂಟಾದ ಬೀಜ ವಾಸ್ತವವಾಗಿ ಹಲವು ಬೀಜಗಳ ಗೊಂಚಲು. ಒಂದೊಂದು ಗಂಟಿನಿಂದಲೂ ಎರಡು ಮೂರು ಸಸಿಗಳು ಏಳುವುದರಿಂದ ಪಟ್ಟಿ ಮಾಡಿದರೂ ಹೆಚ್ಚುವರಿ ಸಸಿ ಕೀಳುವ ಕೆಲಸ ತಪ್ಪದು.

ಮೆಂತ್ಯ ಮತ್ತು ಕೊತ್ತಂಬರಿಗೆ ಬೀಜಪಟ್ಟಿ ಮಾಡುವುದು ವ್ಯರ್ಥ ಶ್ರಮ. ಇವು ಒತ್ತಾಗಿ ಬೆಳೆದರೇ ಚೆನ್ನ. ಹುರುಳಿಕಾಯಿ, ಬೆಂಡೆ, ಸೋರೆ, ಹೀರೆಗಳ ಬೀಜ ಬೆರಳಿಗೆ ಸುಲಭವಾಗಿ ಸಿಗುವುದರಿಂದ ಅವುಗಳಿಗೆ ಕಾಗದದ ನೆರವು ಬೇಡ. ಟೊಮ್ಯಾಟೊ, ಬದನೆ, ಮೆಣಸಿನಕಾಯಿಗಳನ್ನು ಸಸಿ ಮಾಡಿಯೇ ನಾಟಿ ಮಾಡುವುದು ಲೇಸು.

ಮೊದಲು ಮೊಳಕೆ ಪರೀಕ್ಷೆ

ಪಟ್ಟಿ ಮಾಡುವ ಉತ್ಸಾಹದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತವಿದು. ವೈಫಲ್ಯಕ್ಕೆ ಮುಖ್ಯ ಕಾರಣವೂ ಇದೇ. ಎರಚಿ ಬಿತ್ತಿದಾಗ ಸತ್ತ ಬೀಜಗಳ ನಷ್ಟವನ್ನು ಉಳಿದ ಬೀಜಗಳ ಸಂಖ್ಯೆ ತುಂಬಿಕೊಡುತ್ತದೆ. ಪಟ್ಟಿಯಲ್ಲಿ ಎಣಿಸಿ ಇಟ್ಟ ಬೀಜ ಸತ್ತರೆ ಆ ಜಾಗ ಖಾಲಿ.

1966ರ ಬೀಜ ಕಾಯಿದೆ ಅಧಿಸೂಚಿತ ತಳಿಗಳ ಪೊಟ್ಟಣದ ಮೇಲೆ ಮೊಳಕೆ ಪ್ರಮಾಣದ ಮಾಹಿತಿ ನೀಡುವ ಕ್ರಮವನ್ನು ತಂದಿತು. ಪ್ರಮಾಣಿತ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಮೂಲಂಗಿ ಮತ್ತು ಈರುಳ್ಳಿಗೆ ಶೇ 70 ಆದರೆ, ಕ್ಯಾರೆಟ್‌ಗೆ ಕೇವಲ ಶೇ 60. ಅಂದರೆ ನಿಯಮಕ್ಕೆ ಸರಿಹೊಂದುವ ಹೊಸ ಪೊಟ್ಟಣದಲ್ಲೂ ಹತ್ತರಲ್ಲಿ ನಾಲ್ಕು ಬೀಜ ಮೊಳೆಯದಿರಬಹುದು. ಹಳೆಯ ಬೀಜದ ಸ್ಥಿತಿ ಇನ್ನೂ ಕಳಪೆ. ಈರುಳ್ಳಿ ಬೀಜ ಸಾಮಾನ್ಯವಾಗಿ ಒಂದು ವರ್ಷಕ್ಕೇ ತನ್ನ ಕಸುವು ಕಳೆದುಕೊಳ್ಳುತ್ತದೆ. ಕ್ಯಾರೆಟ್ ಎರಡು ಮೂರು ವರ್ಷ, ಮೂಲಂಗಿ ಅದಕ್ಕಿಂತಲೂ ತುಸು ಹೆಚ್ಚು ಕಾಲ ಬಾಳುತ್ತದೆ.

ಪರೀಕ್ಷೆಗೆ ವಿಶೇಷ ಸಲಕರಣೆ ಬೇಡ. ಒದ್ದೆ ಹತ್ತಿ ಬಟ್ಟೆಯ ಮೇಲೆ 20 ಬೀಜಗಳನ್ನು ಎಣಿಸಿ ಹರಡಿ, ಸುತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಇಡಬೇಕು. ಬಟ್ಟೆ ಒಣಗದಂತೆ ದಿನವೂ ನೀರು ಚಿಮುಕಿಸಬೇಕು. ಮೂಲಂಗಿಯ ಫಲಿತಾಂಶ ನಾಲ್ಕೈದು ದಿನಗಳಲ್ಲೇ ತಿಳಿಯುತ್ತದೆ. ಕ್ಯಾರೆಟ್‌ಗೆ ಎರಡು ವಾರ ಕಾಯಬೇಕು. 20ರಲ್ಲಿ 16 ಮೊಳೆತರೆ ಶೇ 80.

ಒಂದೊಂದು ಬಿಂದುವಿಗೆ ಎಷ್ಟು ಬೀಜ ಇಡಬೇಕೆಂಬುದು ಈ ಲೆಕ್ಕದಿಂದಲೇ ತೀರ್ಮಾನವಾಗುತ್ತದೆ. ಮೊಳಕೆ ಪ್ರಮಾಣ ಶೇ 80 ಇದ್ದಾಗ ಒಂದೊಂದೇ ಬೀಜವಿಟ್ಟರೆ 100 ಬಿಂದುಗಳಲ್ಲಿ ಸುಮಾರು 20 ಖಾಲಿ ಉಳಿಯುತ್ತವೆ. ಎರಡೆರಡು ಇಟ್ಟರೆ ಖಾಲಿ ಉಳಿಯುವುದು ನಾಲ್ಕು ಮಾತ್ರ. ಶೇ 60ರಷ್ಟೇ ಮೊಳೆಯುವ ಬೀಜವನ್ನು ಎರಡೆರಡು ಇಟ್ಟರೂ 16 ಬಿಂದುಗಳು ಖಾಲಿ. ಮೂರು ಮೂರು ಇಟ್ಟರೆ ಆರೇಳಕ್ಕೆ ಇಳಿಯುತ್ತದೆ. ಶೇ 50ಕ್ಕಿಂತ ಕಡಿಮೆ ಮೊಳೆಯುವ ಬೀಜಕ್ಕೆ ಪಟ್ಟಿ ಮಾಡುವ ಶ್ರಮ ತಕ್ಕುದಲ್ಲ. ಅದನ್ನು ಮರಳಿನೊಂದಿಗೆ ಬೆರೆಸಿ ಎರಚುವುದೇ ಸರಿ.

ಎರಡು ಬೀಜವೂ ಮೊಳೆತ ಕಡೆ ಒಂದನ್ನು ತೆಗೆಯಬೇಕಾಗುತ್ತದೆ. ಚಿಗುರಿದ ಸಸಿಯನ್ನು ಕೀಳಲು ಮನಸ್ಸು ಬಾರದೆ ಎರಡನ್ನೂ ಉಳಿಸಿಕೊಂಡವರಿಗೆ ಕೊನೆಗೆ ಎರಡು ಸಣಕಲು ಗಡ್ಡೆಗಳೇ ಗತಿ. ಕೀಳುವ ಬದಲು ಸಣ್ಣ ಕತ್ತರಿಯಿಂದ ನೆಲಮಟ್ಟಕ್ಕೆ ಕತ್ತರಿಸಿದರೆ ಪಕ್ಕದ ಸಸಿಯ ಬೇರು ಅಲುಗುವುದಿಲ್ಲ.

ಕಾಗದ ಮತ್ತು ಅಂಟು

ಒಂದೇ ಪದರದ ಟಿಶ್ಯೂ ಕಾಗದ ಎಲ್ಲಕ್ಕಿಂತ ಅನುಕೂಲ. ಶೌಚಾಲಯದಲ್ಲಿ ಬಳಸುವ ಟಿಶ್ಯೂ ಸುರುಳಿ ಉದ್ದಕ್ಕೆ ಸಿಗುವುದಲ್ಲದೆ, ನೀರಿನಲ್ಲಿ ಬೇಗ ಬಿಡಿಸಿಕೊಳ್ಳುವಂತೆಯೇ ತಯಾರಾಗಿರುತ್ತದೆ. ಎರಡು ಪದರವಿದ್ದರೆ ಬಿಡಿಸಿ ಒಂದನ್ನೇ ಬಳಸಬೇಕು. ಅಡುಗೆಮನೆಯಲ್ಲಿ ಒರೆಸಲು ಬಳಸುವ ದಪ್ಪ ಕಾಗದ ಇದಕ್ಕೆ ವಿರುದ್ಧ ಗುಣದ್ದು. ಒದ್ದೆಯಾದರೂ ಹರಿಯದಂತೆ ಅದನ್ನು ರೂಪಿಸಿರುತ್ತಾರೆ, ಎಳೆಯ ಬೇರಿಗೆ ಅದು ಗೋಡೆಯಾಗಬಲ್ಲದು.

ಹಳೆಯ ದಿನಪತ್ರಿಕೆಯನ್ನೂ ಬಳಸಬಹುದು. ಕಪ್ಪು ಅಕ್ಷರಗಳ ಸಾದಾ ಪುಟವನ್ನೇ ಆರಿಸಿ, ಒಂದೇ ಪದರದಲ್ಲಿ ಬಳಸಬೇಕು. ಇದು ಟಿಶ್ಯೂವಿಗಿಂತ ನಿಧಾನವಾಗಿ ಕೊಳೆಯುವ ಕಾರಣ ಹಾಸುವ ಮುನ್ನ ಸಾಲನ್ನು ಚೆನ್ನಾಗಿ ತೋಯಿಸಿರಬೇಕು. ನುಣುಪಾದ ಬಣ್ಣದ ಪುಟ, ಅಂಗಡಿಯ ಯಂತ್ರದಿಂದ ಬರುವ ಬಿಲ್ಲಿನ ಕಾಗದ, ಪ್ಲಾಸ್ಟಿಕ್ ಲೇಪದ ಕಾಗದ ಇವು ಸಲ್ಲದು.

ಅಂಟಿಗೆ ಮೈದಾ ಸಾಕು. ಎರಡು ಚಮಚ ಮೈದಾಕ್ಕೆ ಸ್ವಲ್ಪಸ್ವಲ್ಪವೇ ನೀರು ಬೆರೆಸಿ ಗಂಟಿಲ್ಲದಂತೆ ಕಲಸಬೇಕು. ದೋಸೆ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ, ಕಡ್ಡಿಯ ತುದಿಗೆ ಹತ್ತಿ ನಿಲ್ಲುವ ಹದ ಬರಬೇಕು. ನೀರು ಹೆಚ್ಚಾದರೆ ಕಾಗದ ತೋಯ್ದು ಹರಿಯುತ್ತದೆ. ಒಣಗಲು ತಡವಾಗಿ ಬೀಜ ಪಟ್ಟಿಯ ಮೇಲೆಯೇ ಮೊಳಕೆಯೊಡೆಯುವ ಅಪಾಯವೂ ಇದೆ. ಉಪ್ಪು, ಸಕ್ಕರೆ ಸೇರಿಸಬಾರದು. ಕಚೇರಿ ಬಳಕೆಯ ರಾಸಾಯನಿಕ ಗೋಂದಿನ ಅಗತ್ಯವೇ ಇಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು. ಗುಲಾಬಿ, ನೀಲಿ, ಹಸಿರು ಮುಂತಾದ ಬಣ್ಣ ಲೇಪಿಸಿದ ಬೀಜಗಳಿಗೆ ಬಹುತೇಕ ಶಿಲೀಂಧ್ರನಾಶಕದ ಉಪಚಾರವಾಗಿರುತ್ತದೆ. ಮಕ್ಕಳನ್ನು ಸೇರಿಸಿಕೊಂಡು ಮಾಡುವ ಕೆಲಸವಾದರೆ ಇಂಥ ಬೀಜವನ್ನು ದೂರವಿಡಬೇಕು. ದೊಡ್ಡವರೂ ಕೈಗವಸು ತೊಟ್ಟೇ ಮುಟ್ಟಬೇಕು. ಅಂಟು ಕಲಸಿದ ಬಟ್ಟಲು, ಚಮಚಗಳು ಮತ್ತೆ ಅಡುಗೆಮನೆಗೆ ಹೋಗಬಾರದು. ಉಪಚಾರವಿಲ್ಲದ ಬೀಜ ಸಿಕ್ಕರೆ ಅದೇ ಮೇಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಶಾಂತ್ ಮೂಲಂಗಿ, ಅರ್ಕಾ ಸುಗುಣ ಹರಿವೆಯಂಥ ತಳಿಗಳು ಸಂಕರ ತಳಿಗಳಲ್ಲ. ಆದ್ದರಿಂದ ಅವುಗಳ ಬೀಜವನ್ನು ಮನೆಯಲ್ಲೇ ಉಳಿಸಿಕೊಂಡು ಮುಂದಿನ ಹಂಗಾಮಿನ ಪಟ್ಟಿಗೆ ಬಳಸಬಹುದು.

ತಯಾರಿಸುವ ಕ್ರಮ

ಕಾಗದವನ್ನು ಸುಮಾರು ಎರಡು ಅಂಗುಲ ಅಗಲದ ಪಟ್ಟಿಗಳಾಗಿ ಕತ್ತರಿಸಿ, ಉದ್ದಕ್ಕೆ ಅರ್ಧ ಮಡಿಸಿ ಗೆರೆ ಮೂಡಿಸಿ ಮತ್ತೆ ಬಿಚ್ಚಬೇಕು. ಉದ್ದ ಮೂರು ಅಡಿ ಮೀರದಿದ್ದರೆ ಒಳ್ಳೆಯದು. ಅದಕ್ಕಿಂತ ಉದ್ದವಾದರೆ ಎತ್ತಿ ಒಯ್ಯುವಾಗ ನಡುವೆ ಹರಿಯುತ್ತದೆ. ಪಟ್ಟಿಯ ಒಂದು ತುದಿಯಲ್ಲಿ ಬೆಳೆ, ತಳಿ, ತಯಾರಿಸಿದ ದಿನ ಇವನ್ನು ಪೆನ್ಸಿಲಿನಿಂದ ಮೊದಲೇ ಬರೆದಿಡಬೇಕು. ಕ್ಯಾರೆಟ್ ಪಟ್ಟಿಯೂ ಸಬ್ಬಸಿಗೆ ಪಟ್ಟಿಯೂ ಮಡಿಸಿದ ಮೇಲೆ ನೋಡಲು ಒಂದೇ.

ಮಡಿಕೆಯ ಒಂದು ಬದಿಯಲ್ಲಿ, ಅಳತೆಪಟ್ಟಿ ಇಟ್ಟು ಚುಕ್ಕೆ ಹಾಕಬೇಕು. ಕ್ಯಾರೆಟ್‌ಗೆ 5 ಸೆಂ.ಮೀ., ಉದ್ದನೆಯ ಬಿಳಿ ಮೂಲಂಗಿಗೆ 8ರಿಂದ 10, ಈರುಳ್ಳಿಗೆ 10, ದಂಟಿಗೆ 20ಕ್ಕೂ ಹೆಚ್ಚು. ಪ್ರತಿ ಚುಕ್ಕೆಯ ಮೇಲೆ ಊದುಬತ್ತಿಯ ಕಡ್ಡಿಯಿಂದ ಅಕ್ಕಿಕಾಳಿನಷ್ಟು ಅಂಟು ಇಟ್ಟು, ಅದು ಹಸಿಯಾಗಿರುವಾಗಲೇ ಬೀಜ ಕೂರಿಸಬೇಕು. ತಟ್ಟೆಯಲ್ಲಿ ಹರಡಿದ ಬೀಜವನ್ನು ಒದ್ದೆ ಮಾಡಿದ ಹಲ್ಲುಕಡ್ಡಿಯ ತುದಿಯಿಂದ ಮುಟ್ಟಿದರೆ ಒಂದೆರಡು ಬೀಜ ತಾನಾಗಿ ಅಂಟಿಕೊಂಡು ಬರುತ್ತವೆ. ಕ್ಯಾರೆಟ್ ಬೀಜ ಎದ್ದು ಕಾಣಲು ಬಿಳಿ ತಟ್ಟೆ, ಈರುಳ್ಳಿಯ ಕಪ್ಪು ಬೀಜಕ್ಕೂ ಅದೇ. ದಂಟಿನ ತಿಳಿಬಣ್ಣದ ಬೀಜವಿದ್ದರೆ ಕಪ್ಪು ತಟ್ಟೆ. ಕೆಲಸದ ವೇಳೆ ಫ್ಯಾನ್ ಆರಿಸಿರಬೇಕೆಂಬುದನ್ನು ಮರೆತವರು ಬೀಜವನ್ನು ನೆಲದ ಮೇಲೆ ಹುಡುಕಬೇಕಾದೀತು.

ಒಂದು ಪಟ್ಟಿ ಮುಗಿದೊಡನೆ ಖಾಲಿ ಬದಿಯನ್ನು ಬೀಜದ ಮೇಲೆ ಮಡಚಿ, ಮೃದುವಾಗಿ ಒತ್ತಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಚಪ್ಪಟೆಯಾಗಿ ಒಣಗಲು ಬಿಡಬೇಕು. ಬಿಸಿಲಿಗೆ ಹಾಕಬಾರದು. ಬೀಜವು ಅಂಟಿನ ತೇವವನ್ನು ಸ್ವಲ್ಪ ಹೀರಿಕೊಂಡೇ ಇರುತ್ತದೆ. ಮೊಳಕೆ ಹೊರಬರುವ ಮುನ್ನ ಆ ತೇವ ಆರಿಹೋದರೆ ಬೀಜಕ್ಕೆ ಹಾನಿಯಿಲ್ಲ. ಕೆಲವೇ ಗಂಟೆಗಳಲ್ಲಿ ಪೂರ್ತಿ ಒಣಗುವಂಥ ದಿನವನ್ನೇ ಆರಿಸಿಕೊಳ್ಳಬೇಕು. ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆಯೇ ಒಣಗದಿರುವಾಗ ಬೀಜಪಟ್ಟಿಯ ಕೆಲಸ ಬೇಡ.

ಕುಂಡ ಮತ್ತು ಚೀಲಗಳಿಗೆ ಪಟ್ಟಿಯ ಬದಲು ಹಾಳೆಯನ್ನೇ ಮಾಡಬಹುದು. ಕುಂಡದ ಬಾಯಿಯ ಅಳತೆಗೆ ಕಾಗದವನ್ನು ದುಂಡಗೆ ಕತ್ತರಿಸಿ, ಅಂಚಿನಿಂದ ಎರಡು ಬೆರಳು ಒಳಗೆ ಬಿಟ್ಟು, ಎಲ್ಲ ದಿಕ್ಕಿನಲ್ಲೂ ಸಮಾನ ಅಂತರದಲ್ಲಿ ಬೀಜ ಅಂಟಿಸಿ, ಮೇಲೊಂದು ಟಿಶ್ಯೂ ಹಾಳೆ ಮುಚ್ಚಿದರಾಯಿತು.

ಬೀಜದ ಉಳಿತಾಯವೂ ಗಣನೀಯ. ಒಂದು ಮೀಟರ್ ಉದ್ದಗಲದ ಮಡಿಯಲ್ಲಿ 20 ಸೆಂ.ಮೀ. ದೂರದ ಐದು ಸಾಲುಗಳು, ಸಾಲಿಗೆ 20 ಬಿಂದುಗಳಂತೆ ಒಟ್ಟು 100 ಬಿಂದುಗಳು. ಬಿಂದುವಿಗೆ ಎರಡರಂತೆ 200 ಕ್ಯಾರೆಟ್ ಬೀಜವೆಂದರೆ ಕಾಲು ಗ್ರಾಂ. ಹೊಲಕ್ಕೆ ಶಿಫಾರಸು ಮಾಡುವ ಹೆಕ್ಟೇರಿಗೆ ಐದು ಕಿಲೋ ಪ್ರಮಾಣದಲ್ಲಿ ಲೆಕ್ಕ ಹಾಕಿದರೂ ಅದೇ ಜಾಗಕ್ಕೆ ಅರ್ಧ ಗ್ರಾಂ ಬೇಕು. ಕೈತೋಟದಲ್ಲಿ ಎರಚುವವರು ಅದರ ನಾಲ್ಕೈದು ಪಟ್ಟು ಸುರಿಯುವುದು ಅಪರೂಪವಲ್ಲ.

ಮಣ್ಣಿಗೆ ಇಳಿಸುವಾಗ

ಪಟ್ಟಿ ಎಷ್ಟೇ ಚೊಕ್ಕವಾಗಿದ್ದರೂ ಮಡಿಯ ಮಣ್ಣು ಹೆಂಟೆಯಾಗಿದ್ದರೆ ಫಲವಿಲ್ಲ. ಗಡ್ಡೆ ಬೆಳೆಗಳಿಗೆ ಮುಕ್ಕಾಲು ಅಡಿಯಿಂದ ಒಂದು ಅಡಿಯವರೆಗೆ ಮಣ್ಣನ್ನು ಸಡಿಲಿಸಿ, ಕಲ್ಲು ಆರಿಸಿ ತೆಗೆಯಬೇಕು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಹಾಕಬೇಕು. ಹಸಿ ಗೊಬ್ಬರದಿಂದ ಗಡ್ಡೆ ಕವಲೊಡೆಯುತ್ತದೆ. ಬಯಲು ಸೀಮೆಯಲ್ಲಿ ಕ್ಯಾರೆಟ್ ಬಿತ್ತನೆಗೆ ಮಳೆ ಕಡಿಮೆಯಾಗಿ ಚಳಿ ಕಾಲಿಡುವ ತಿಂಗಳುಗಳು ಸೂಕ್ತ. ಮಣ್ಣಿನ ಉಷ್ಣಾಂಶ 35 ಡಿಗ್ರಿ ಮೀರಿದರೆ ಅದರ ಬೀಜ ಮೊಳೆಯುವುದು ಕಷ್ಟ.

ಒಂದು ಸೆಂ.ಮೀ. ಆಳದ, ತಳ ಸಮತಟ್ಟಾದ ಸಾಲು ತೆಗೆದು ಮೊದಲು ನೀರು ಹನಿಸಬೇಕು. ಆಮೇಲೆ ಪಟ್ಟಿಯನ್ನು ಸುಕ್ಕಿಲ್ಲದಂತೆ ಹಾಸಿ, ಜರಡಿ ಹಿಡಿದ ಮಣ್ಣು, ಎರೆಗೊಬ್ಬರ ಅಥವಾ ತೆಂಗಿನ ನಾರಿನ ಪುಡಿಯನ್ನು ಅರ್ಧ ಸೆಂ.ಮೀ.ನಿಂದ ಒಂದು ಸೆಂ.ಮೀ.ವರೆಗೆ ಮುಚ್ಚಿ ಅಂಗೈಯಿಂದ ಒತ್ತಬೇಕು. ಕಾಗದದ ಕೆಳಗೆ ಪೊಳ್ಳು ಉಳಿದರೆ ಬೇರು ಗಾಳಿಯಲ್ಲಿ ತೂಗಿ ಒಣಗುತ್ತದೆ. ಪಟ್ಟಿಯ ಎರಡೂ ತುದಿಗಳು ಮಣ್ಣಿನೊಳಗೇ ಇರಬೇಕು. ತುದಿಯೊಂದು ಹೊರಗೆ ಇಣುಕಿದರೆ ಅದು ದೀಪದ ಬತ್ತಿಯಂತೆ ಒಳಗಿನ ತೇವವನ್ನು ಎಳೆದು ಗಾಳಿಗೆ ಬಿಡುತ್ತದೆ. ಒಣಗಿದ ಕಾಗದ ಸುರುಳಿಯಾಗಿ ಮೇಲೆದ್ದು ಬೀಜವನ್ನೂ ಕಿತ್ತು ತರುತ್ತದೆ.

ನೀರನ್ನು ರೋಸ್‌ಕ್ಯಾನಿನಿಂದ ಸಣ್ಣ ಹನಿಗಳಲ್ಲಿ ದಿನಕ್ಕೆ ಒಂದೆರಡು ಬಾರಿ ಹಾಕಬೇಕು. ಕ್ಯಾರೆಟ್ ಮೊಳೆಯಲು ಒಂದರಿಂದ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಅಷ್ಟು ದಿನವೂ ಮೇಲ್ಮಣ್ಣು ಒಂದು ಬಾರಿಯೂ ಒಣಗಬಾರದು. ಇಷ್ಟು ತಾಳ್ಮೆ ಕಷ್ಟವೆನಿಸಿದರೆ ಸಾಲಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೊದಲ ಮೊಳಕೆ ಕಂಡ ದಿನವೇ ತೆಗೆದುಬಿಡಬೇಕು. ಒಂದು ದಿನ ತಡವಾದರೂ ಸಸಿಗಳು ಬಿಳಿಚಿಕೊಂಡು ಉದ್ದವಾಗುತ್ತವೆ. ಸಾಲು ಎಲ್ಲಿದೆಯೆಂದು ತಿಳಿಯಲು ಕ್ಯಾರೆಟ್ ಪಟ್ಟಿಯಲ್ಲೇ ಪ್ರತಿ 15 ಸೆಂ.ಮೀ.ಗೊಂದು ಕೆಂಪು ಉಂಡೆ ಮೂಲಂಗಿಯ ಬೀಜ ಸೇರಿಸುವುದು ಒಳ್ಳೆಯ ಉಪಾಯ. ಅದು ನಾಲ್ಕೈದು ದಿನಕ್ಕೆ ಎದ್ದು ಸಾಲಿನ ಗುರುತು ತೋರುತ್ತದೆ. ಕ್ಯಾರೆಟ್‌ಗೆ ಜಾಗ ಬೇಕಾಗುವ ಹೊತ್ತಿಗೆ, ಸುಮಾರು ಒಂದು ತಿಂಗಳಲ್ಲಿ, ಕೊಯ್ಲಿಗೂ ಬರುತ್ತದೆ. ಉದ್ದ ಬಿಳಿ ಮೂಲಂಗಿಯನ್ನು ಮಾತ್ರ ಹೀಗೆ ಸೇರಿಸಬಾರದು. ಅದರ ಅಗಲ ಎಲೆಗಳ ಅಡಿಯಲ್ಲಿ ಕ್ಯಾರೆಟ್ ಸಸಿ ಅಡಗಿಹೋಗುತ್ತದೆ.

ಇರುವೆ, ಬೂಷ್ಟು ಮತ್ತು ಸಂಗ್ರಹ

ಮೈದಾ ಇರುವೆಗಳಿಗೂ ಪ್ರಿಯ. ಒಣ ಮಣ್ಣಿನಲ್ಲಿ ಹಾಸಿದ ಪಟ್ಟಿಯಿಂದ ಬೀಜಗಳು ರಾತ್ರೋರಾತ್ರಿ ಸಾಗಿಹೋಗುವುದುಂಟು. ಅಂಟನ್ನು ಬೇಕಾದಷ್ಟೇ, ಸಣ್ಣ ಬಿಂದುವಾಗಿ ಇಡುವುದು ಮೊದಲ ರಕ್ಷಣೆ. ಮಡಿ ಸಿದ್ಧಪಡಿಸುವಾಗಲೇ ಬೇವಿನ ಹಿಂಡಿ ಬೆರೆಸುವುದು, ಸಾಲಿನ ಸುತ್ತ ಒಲೆಯ ಬೂದಿಯನ್ನು ಎಳೆಯಾಗಿ ಉದುರಿಸುವುದು ರೂಢಿಯಲ್ಲಿರುವ ಕ್ರಮಗಳು. ಬೂದಿ ನೀರು ತಾಗಿದರೆ ಕೆಲಸ ಮಾಡದು, ಮತ್ತೆ ಹಾಕಬೇಕು. ನೀರು ನಿಲ್ಲುವ ಜಾಗದಲ್ಲಿ ಅಂಟಿಗೆ ಬೂಷ್ಟು ಹಿಡಿದು ಎಳೆ ಸಸಿಯ ಬುಡ ಕೊಳೆಯಬಹುದು. ಏರುಮಡಿ ಮಾಡಿಕೊಂಡರೆ ಈ ಬಾಧೆ ಬಹುಮಟ್ಟಿಗೆ ತಪ್ಪುತ್ತದೆ.

ಒಣಗಿದ ಪಟ್ಟಿಗಳನ್ನು ಸಡಿಲವಾಗಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹುರಿದು ಆರಿಸಿದ ಒಂದು ಹಿಡಿ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಜೊತೆಗಿಟ್ಟರೆ ತೇವ ಸೇರುವುದಿಲ್ಲ. ಒಮ್ಮೆ ತೇವ ಕಂಡು ಒಣಗಿದ ಬೀಜ ಪೊಟ್ಟಣದಲ್ಲಿರುವ ಬೀಜದಷ್ಟು ದಿನ ಬಾಳದಿರುವ ಕಾರಣ ಪಟ್ಟಿಗಳನ್ನು ಆ ಹಂಗಾಮಿನಲ್ಲೇ ಬಳಸಿ ಮುಗಿಸಬೇಕು. ಕ್ಯಾರೆಟ್, ಮೂಲಂಗಿಗಳನ್ನು ಮನೆಬಳಕೆಗೆ ನಿರಂತರವಾಗಿ ಪಡೆಯಲು ಇಚ್ಛಿಸುವವರು ಒಂದೇ ದಿನ ಕುಳಿತು ಆರೇಳು ಪಟ್ಟಿಗಳನ್ನು ಮಾಡಿಟ್ಟು, ಎರಡು ವಾರಕ್ಕೊಂದರಂತೆ ಮಣ್ಣಿಗೆ ಇಳಿಸುತ್ತ ಹೋಗಬಹುದು. ಪೊಟ್ಟಣದಲ್ಲಿ ಉಳಿದ ಬೀಜವನ್ನು ಅದರ ಮೇಲಿನ ದಿನಾಂಕ ಹರಿಯದಂತೆ ಮಡಚಿ ಅದೇ ಡಬ್ಬಿಯಲ್ಲಿ ಇಡತಕ್ಕದ್ದು.